ಗಂಟಲಿಗೆ ಸೂಟಿ

ಕೆಂಪಗೇರಿಯ ಗಟಾರುಗಳಿಗೆ ಗಂಟಲು ಬಂದ ವರ್ಷವೇ ಊರಿನಲ್ಲಿ ಹೊಡೆದಾಟ ಹೆಚ್ಚಾಯಿತು. ಇದನ್ನು ಯಾವ ಎಂಜಿನಿಯರನೂ ಮುಂಚಿತವಾಗಿ ಊಹಿಸಿರಲಿಲ್ಲ. ಮಳೆನೀರು ಮಾತ್ರ ಹರಿಯಬೇಕಾದ ಗಟಾರದಲ್ಲಿ ಗ್ಯಾರೇಜಿನ ಎಣ್ಣೆ, ಹೋಟೆಲಿನ ಜಿಡ್ಡು, ಬಣ್ಣದ ಕಾರಖಾನೆಯ ಬಗ್ಗಡ ಎಲ್ಲ ಹರಿದು ಊರ ಕೆಳಗಿನ ಕೆರೆ ಎಂದೋ ಸತ್ತಿತ್ತು. ಆ ನೀರು ಕುಡಿದ ಎಮ್ಮೆಗಳು ದಂಡೆಯಲ್ಲೇ ಕಾಲು ಚಾಚಿಕೊಂಡು ಬಿದ್ದ ಮೇಲೆ ನಗರಸಭೆಗೆ ಎಚ್ಚರವಾಯಿತು. ಆಗ ಬಂದದ್ದು ಈ ಗಂಟಲು.

ಸರಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಜನ ನೋಡಿದ ಕೂಡಲೇ ಗಂಟಲು ಅಂದರು, ಅದೇ ನಿಂತಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸಖಂಡದ ಒಂದು ದಪ್ಪ ಉಂಗುರ ಅದು. ಪ್ರತಿ ಗಟಾರದ ಬಾಯಿಗೂ ಒಂದು, ಗಟಾರು ಗಟಾರು ಕೂಡುವಲ್ಲಿ ಒಂದು. ಅದರ ಒಳಮೈಗೆ ರುಚಿ ಗೊತ್ತು. ಮಳೆನೀರು ಬಂದರೆ ಗುಟುಕು ಗುಟುಕಾಗಿ ನುಂಗಿ ಕೆರೆಗೆ ದಾಟಿಸುತ್ತದೆ. ಎಣ್ಣೆಯೋ ಆಸಿಡ್ಡೋ ತಾಗಿದರೆ ಬಿಗಿಯಾಗಿ ಮುಚ್ಚಿಕೊಂಡು, ಒಂದು ಗಂಟಲು ಹಿಂದಿನ ಗಂಟಲಿಗೆ, ಅದು ಅದರ ಹಿಂದಿನದಕ್ಕೆ ನೂಕುತ್ತ, ಹೊಲಸನ್ನು ಬಂದ ದಾರಿಯಲ್ಲೇ ವಾಪಸು ಒಯ್ದು ಸುರಿದವರ ಹೊಸ್ತಿಲಲ್ಲಿ ಕಕ್ಕುತ್ತದೆ. ಉದ್ಘಾಟನೆಯ ದಿನ ಮಂತ್ರಿಗಳು "ಮಾಡಿದ್ದುಣ್ಣೋ ಮಹಾರಾಯ" ಅಂದು ಚಪ್ಪಾಳೆ ಗಿಟ್ಟಿಸಿದರು.

ಉಣ್ಣಿಸುವ ಕೆಲಸವನ್ನು ಮಾತ್ರ ಜನ ತಾವೇ ವಹಿಸಿಕೊಂಡರು. ಗಟಾರ ಯಾರ ಬಾಗಿಲಲ್ಲಿ ಕಕ್ಕಿತೋ ಅವರು ಕಳ್ಳರೆಂದು ಸಾಬೀತಾದಂತೆ. ಸಾಕ್ಷಿ ಬೇಡ, ಕಚೇರಿ ಬೇಡ. ಕರಚಿಕಾಯಿ ಕರಿದ ಎಣ್ಣೆ ಚೆಲ್ಲಿದ ಸೊಸೆಯೊಬ್ಬಳನ್ನು ಓಣಿಯ ಹೆಂಗಸರು ಕೂದಲು ಹಿಡಿದು ಎಳೆದು, ಅದೇ ಎಣ್ಣೆಯಲ್ಲಿ ಅವಳ ಮುಖ ತಿಕ್ಕಿದರು. ಗ್ಯಾರೇಜಿನ ಪರಪ್ಪನ ಮೊಣಕೈಯನ್ನು ಅವನದೇ ನಟ್ಟು ಬಿಚ್ಚುವ ಪಾನಾದಿಂದ ಮುರಿದರು. ಕೆಲವರು ಜಾಣರಾದರು. ಕತ್ತಲಾಗುತ್ತಲೇ ಪಕ್ಕದ ಮನೆಯ ಬಚ್ಚಲ ಮೋರಿಗೆ ತಮ್ಮ ಹೊಲಸು ಸುರಿದು, ಬೆಳಗಾದ ಮೇಲೆ ತಾವೇ ಮುಂದಾಗಿ ಪಕ್ಕದವನನ್ನು ಬಡಿಯುತ್ತಿದ್ದರು. ಕೆರೆ ಮಾತ್ರ ತಿಳಿಯಾಗುತ್ತ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ.

ಗಂಟಲಿಗೆ ರುಚಿ ಕಲಿಸಿದವಳು ಎಂಜಿನಿಯರ್ ದಾಕ್ಷಾಯಣಿ. ನಗರಸಭೆಯ ಹಿಂದಿನ ಕಟ್ಟಡದಲ್ಲಿ ಕಂಟ್ರೋಲ್ ರೂಮು. ಅಲ್ಲಿ ಗೋಡೆ ತುಂಬ ಊರಿನ ನಕಾಶೆ, ಅದರ ಮೇಲೆ ಹಸಿರು ಚುಕ್ಕೆಗಳು. ಚುಕ್ಕೆ ಕೆಂಪಾದರೆ ಆ ಗಂಟಲು ಕಕ್ಕುತ್ತಿದೆ ಎಂದು ಅರ್ಥ. ಪಕ್ಕದ ಪರದೆಯಲ್ಲಿ ಆ ಓಣಿಯ ಕ್ಯಾಮೆರಾ ತೆರೆದುಕೊಳ್ಳುತ್ತಿತ್ತು. ಪರಪ್ಪ ಕೈ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳುವುದನ್ನು ಅವಳು ಅಲ್ಲಿ ಕೂತೇ ನೋಡಿದ್ದಳು.

"ಮೇಡಮ್, ಪೊಲೀಸರಿಗೆ ಫೋನ್ ಹಚ್ಚಲೇನ್ರಿ?" ಎಂದು ಜೊತೆಯ ಆಪರೇಟರ್ ಇಮಾಮಸಾಬ ಕೇಳಿದ್ದ.

"ಹಚ್ಚು. ಆದ್ರ ಅದು ನಮ್ಮ ಇಲಾಖೆ ಅಲ್ಲ ಇಮಾಮಣ್ಣ. ಎಣ್ಣಿ ಸುರುವುವಾಗ ಅವಂಗ ತಿಳೀಬೇಕಿತ್ತು," ಎಂದಿದ್ದಳು. ಹಾಗೆ ಹೇಳಿದಾಗ ಅವಳ ಮನಸ್ಸಿಗೆ ಒಂದು ಬಗೆಯ ಸಮಾಧಾನವೇ ಆಗಿತ್ತು. ಕೆಟ್ಟವಳಲ್ಲ ಅವಳು. ತಾನು ಮಾಡಿದ ವಸ್ತು ಸುಳ್ಳು ಹೇಳುವುದಿಲ್ಲ ಎನ್ನುವ ಹೆಮ್ಮೆ ಎಂಥ ಒಳ್ಳೆಯವರ ಕಣ್ಣನ್ನೂ ಕಟ್ಟುತ್ತದೆ.

ಅವಳ ಮನೆ ಇದ್ದದ್ದು ಗಿಲೀಟು ಓಣಿಯಲ್ಲಿ. ತಾಯಿ ಫಕೀರವ್ವ ಬೆಳ್ಳಿ ಗಿಲೀಟಿನ ಕೆಲಸದವಳು. ಗಂಡ ಸತ್ತ ಮೇಲೆ ಅಂಗಡಿಯನ್ನು ತಾನೇ ಹಿಡಿದು, ದೇವರ ಪ್ರಭಾವಳಿ, ತಟ್ಟೆ, ಲೋಟಗಳಿಗೆ ಬೆಳ್ಳಿ ನೀರು ಕುಡಿಸಿ ಮಗಳನ್ನು ಎಂಜಿನಿಯರ್ ಮಾಡಿದ ಹೆಂಗಸು. ತೊಟ್ಟಿಯ ಹಬೆ ಕುಡಿದು ಕುಡಿದು ಅವಳ ಮೂಗಿನ ನಡುಗೋಡೆಗೆ ತೂತು ಬಿದ್ದಿತ್ತು. ವಾಸನೆ ಎನ್ನುವುದು ಅವಳಿಗೆ ಗೊತ್ತಾಗದೆ ವರ್ಷಗಳೇ ಆಗಿದ್ದವು. ಅನ್ನ ಸೀದರೂ ಹೊಗೆ ಕಂಡ ಮೇಲೆಯೇ ಏಳುವಳು. ಬೆರಳ ಗೆಣ್ಣುಗಳಲ್ಲಿ ಮಾಯದ ಹುಣ್ಣು. ಬಾಯಿ ಮಾತ್ರ ಚೂಪು.

ಗಂಟಲು ಬಂದ ಮೇಲೆ ಗಿಲೀಟು ಓಣಿಯವರಿಗೆ ನಗರಸಭೆ ಒಂದು ಮಾತು ಕೊಟ್ಟಿತ್ತು. ಹಳಸಿದ ತೊಟ್ಟಿ ನೀರನ್ನು ಪೀಪಾಯಿಯಲ್ಲಿ ತುಂಬಿಡಿ, ಲಾರಿ ಬಂದು ಒಯ್ಯುತ್ತದೆ. ಮೊದಲೆರಡು ತಿಂಗಳು ಲಾರಿ ಬಂತು, ಆಮೇಲೆ ಇಲ್ಲ. ಫಕೀರವ್ವನ ಅಂಗಡಿಯಲ್ಲಿ ಪೀಪಾಯಿಗಳು ಸಾಲು ಹಿಡಿದವು, ಅಡಿಗೆಮನೆಗೂ ಬಂದವು. ಕೊನೆಗೆ ಒಂದು ಪೀಪಾಯಿ ಅವಳು ಮಲಗುವ ಹೊರಸಿನ ಕೆಳಗೂ ಬಂತು.

ಬಣ್ಣದ ಹಬ್ಬಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಅವಳು ಜಗಳ ತೆಗೆದಳು.

"ಲಾರಿ ಬರೂದಿಲ್ಲ, ಗಟಾರಾ ನುಂಗೂದಿಲ್ಲ. ಹಂಗಾರ ಈ ನೀರು ನಾ ಕುಡೀಲೇನ?"

"ಇನ್ನೊಂದ ಎಂಟ ದಿನ ತಡಿ ಯವ್ವಾ. ಸಾಹೇಬ್ರು ಕಳಸ್ತೀನಿ ಅಂದಾರ."

"ಎಂಟ ದಿನ ಅನ್ನೂದನ್ನ ದೀಪಾವಳಿಯಿಂದ ಕೇಳಾಕತ್ತೀನಿ. ಊರ ಬಾಯಿ ಮುಚ್ಚಿದಿ, ಊರ ಹೊಲಸು ಎಲ್ಲಿ ಹೋಗಬೇಕು ಅಂತ ವಿಚಾರ ಮಾಡಿದೇನ? ಗಿಲೀಟು ಇಲ್ಲದ ಲೋಟಾ ಅಂದ್ರ ನಿಮ್ಮ ಸಾಹೇಬರಿಗೂ ನಡಿಯೂದಿಲ್ಲ."

ಮಾತು ಮರೆಸಲೆಂದು ದಾಕ್ಷಾಯಣಿ ಆಫೀಸಿನ ಸುದ್ದಿ ತೆಗೆದಳು, ಅಲ್ಲೇ ಕೆಟ್ಟಿತು.

ಹಿಂದಿನ ದಿನ ಸಭೆ ಆಗಿತ್ತು. ಕೆಂಪಗೇರಿಯಲ್ಲಿ ರಂಗಪಂಚಮಿ ಅಂದರೆ ಇಡೀ ಊರು ಬೀದಿಗೆ ಬೀಳುತ್ತದೆ. ಬ್ಯಾರಲ್ಲುಗಟ್ಟಲೆ ಬಣ್ಣ, ಓಣಿಗೊಂದು ಹಲಗಿ ಮೇಳ. ಆದರೆ ಅಗ್ಗದ ಬಣ್ಣಕ್ಕೆ ತಾಮ್ರ, ಸೀಸ, ಕ್ರೋಮಿಯಂ ಬೆರೆಸುತ್ತಾರೆ. ಗಂಟಲಿಗೆ ಅದಕ್ಕೂ ಗಿಲೀಟು ನೀರಿಗೂ ವ್ಯತ್ಯಾಸ ತಿಳಿಯುವುದಿಲ್ಲ. "ಹಬ್ಬದ ದಿನ ಊರ ತುಂಬ ಗಟಾರಾ ಕಕ್ಕಿದ್ರ ಯಾರ್ಯಾರನ್ನ ಬಡಿಯೂದ್ರಿ? ನನ್ನನ್ನೂ ಬಡೀತಾರ," ಎಂದು ವಾರ್ಡಿನ ಮೆಂಬರ್ ಒಬ್ಬರು ಕೂಗಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮುಖ್ಯ ಎಂಜಿನಿಯರ್ ದೇಸಾಯಿ ಒಂದು ದಾರಿ ಹುಡುಕಿದರು. ಆ ಒಂದು ದಿನ ಗಂಟಲಿನ ನಾಲಿಗೆಯನ್ನು ಮಲಗಿಸಿಬಿಡುವುದು. ಏನು ಬಂದರೂ ನುಂಗಲಿ. ಇಮಾಮಸಾಬ ಒಬ್ಬನೇ, "ಗಿಲೀಟು ಓಣಿ ಒಂದು ಬಿಟ್ಟು ಉಳದದ್ದಕ್ಕ ಸೂಟಿ ಕೊಡೂಣ್ರಿ ಸರ್," ಎಂದ. ಎಲ್ಲರೂ ದಾಕ್ಷಾಯಣಿಯ ಕಡೆ ನೋಡಿದರು. ತನ್ನ ತಾಯಿಯ ಓಣಿಯನ್ನು ಮಾತ್ರ ಕಳ್ಳರ ಓಣಿ ಎಂದು ಬೇರೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. "ಓಣಿಯವ್ರಿಗೂ ಹಬ್ಬ ಐತಿ," ಎಂದಳು. ಮಾತು ಮುಗಿಯಿತು.

ಇದನ್ನೆಲ್ಲ ಅವಳು ಚಹಾ ಕುಡಿಯುತ್ತ ನಗುನಗುತ್ತ ಹೇಳಿದಳು. "ನಾಡದು ನಮ್ಮ ಗಂಟಲಿಗೂ ಸೂಟಿ ಯವ್ವಾ. ಕಣ್ಣ ಮುಚ್ಚಿ ನುಂಗತಾವ."

ಫಕೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಜಗಳ ನಿಲ್ಲಿಸಿದಳು. ಮಗಳು ಅದನ್ನು ತನ್ನ ಗೆಲುವು ಎಂದುಕೊಂಡಳು.

ದೇಸಾಯಿ ಗುಟ್ಟಾಗಿಡಿ ಎಂದಿದ್ದರು. ಗುಟ್ಟು ಕೆಡಲು ಎಷ್ಟು ಹೊತ್ತು? ಮೆಂಬರು ತನ್ನ ಅಳಿಯನಿಗೆ ಹೇಳಿದ, ಗುಮಾಸ್ತ ಹೆಂಡತಿಗೆ ಹೇಳಿದ, ದೇಸಾಯಿಯ ಡ್ರೈವರ್ ಚಹಾದಂಗಡಿಯಲ್ಲಿ ಹೇಳಿದ. ಕೇಳಿದ ಪ್ರತಿಯೊಬ್ಬನೂ ಇದು ತನಗೊಬ್ಬನಿಗೇ ಗೊತ್ತು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡ.

ರಂಗಪಂಚಮಿಯ ದಿನ ಹತ್ತು ಗಂಟೆಯ ಹೊತ್ತಿಗೆ ಊರೆಲ್ಲ ಹಲಗಿಯ ಸದ್ದು. ಕಂಟ್ರೋಲ್ ರೂಮಿನಲ್ಲಿ ದಾಕ್ಷಾಯಣಿ ಮತ್ತು ಇಮಾಮಸಾಬ ಇಬ್ಬರೇ. ಡ್ಯೂಟಿ ಇದ್ದುದರಿಂದ ಬಣ್ಣ ಹಚ್ಚಿಸಿಕೊಂಡಿರಲಿಲ್ಲ. ಇಮಾಮಸಾಬ ಚೌಕದ ಪರದೆಯನ್ನೇ ದೊಡ್ಡದು ಮಾಡಿಟ್ಟಿದ್ದ. ಅವನ ಮಗ ದಾವಲ್ ಅಲ್ಲಿ ಹಲಗಿ ಬಾರಿಸುತ್ತಿದ್ದ. ನಕಾಶೆಯ ಚುಕ್ಕೆಗಳೆಲ್ಲ ಹಸಿರು, ಮಲಗಿದ ಹಸಿರು.

ಮಧ್ಯಾಹ್ನದ ಹೊತ್ತಿಗೆ ಅಡ್ಡಮಳೆ ಬಂತು. ಬೇಸಗೆಯ ಮೊದಲ ಮಳೆ, ಗುಡುಗು ಸಿಡಿಲು ಸಮೇತ. ಜನ ಚದುರಲಿಲ್ಲ, ಇನ್ನೂ ಹುಚ್ಚೆದ್ದು ಕುಣಿದರು. ಸುರಿಯಲು ಹೊತ್ತು ಕಾದಿದ್ದವರು ಬೇರೆ ಇದ್ದರು. ಗಿಲೀಟು ಓಣಿಯ ಒಂದೊಂದು ಅಂಗಡಿಯ ಒಳಗೂ, ಬಾಗಿಲು ಹಾಕಿಕೊಂಡು, ಪೀಪಾಯಿಗಳು ಗಟಾರದ ಕುಣಿಗೆ ಬೋರಲಾದವು. ಫಕೀರವ್ವ ಬೆಳ್ಳಿ ತೊಟ್ಟಿಯ ಸೈನೈಡ್ ನೀರು ಸುರಿದಳು. ಆಚೆ ಮನೆಯವನು ಪಾತ್ರೆ ತೊಳೆದ ಆಸಿಡ್ ಸುರಿದ, ಈಚೆ ಮನೆಯವನೂ ಆಸಿಡ್ಡನ್ನೇ. ಆ ಎರಡು ನೀರು ಒಂದನ್ನೊಂದು ಮುಟ್ಟಿದರೆ ವಿಷಗಾಳಿ ಏಳುತ್ತದೆಂದು ಓಣಿಯ ಪ್ರತಿಯೊಬ್ಬರಿಗೂ ಗೊತ್ತು. ತಮ್ಮ ತಮ್ಮ ಅಂಗಡಿಯಲ್ಲಿ ಎದುರುಬದುರು ಗೋಡೆಗೆ ಇಟ್ಟು ಕಾಯುತ್ತಾರೆ. ತಾನೊಬ್ಬನೇ ಸುರಿಯುವವನು ಎಂದುಕೊಂಡವನಿಗೆ ಪಕ್ಕದವನ ನೆನಪು ಯಾಕಾದರೂ ಬರಬೇಕು? ನೆಲದ ಕೆಳಗೆ, ಚೌಕದ ಅಡಿಯಲ್ಲಿ, ಎರಡೂ ಕೂಡಿದವು.

ಮೊದಲು ಬಿದ್ದದ್ದು ಗಟಾರದ ಬಾಯಿಯ ಹತ್ತಿರ ಮಲಗಿದ್ದ ನಾಯಿ. ಎದ್ದು ನಿಂತು, ಒಂದು ಸುತ್ತು ತಿರುಗಿ ಬಿತ್ತು. ಆಮೇಲೆ ಅಲ್ಲೇ ಕುಣಿಯುತ್ತಿದ್ದ ಇಬ್ಬರು. ಜನ ನಕ್ಕರು, ಭಂಗಿಯ ಅಮಲು ಹೆಚ್ಚಾಗಿದೆ ಎಂದು. ಎತ್ತಲು ಬಗ್ಗಿದವನೂ ಅವರ ಮೇಲೆಯೇ ಬಿದ್ದ. ಒಬ್ಬ ಹೆಂಗಸು ಎರಡೂ ಕೈಯಿಂದ ತನ್ನ ಕುತ್ತಿಗೆ ಹಿಡಿದುಕೊಂಡು ಬಾಯಿ ಅಗಲಿಸಿದಳು. ಹಲಗಿ ಒಂದೊಂದಾಗಿ ನಿಂತವು.

"ಮೇಡಮ್! ಏನಾಗಾಕತ್ತೈತಿ ಅಲ್ಲಿ?"

ದಾಕ್ಷಾಯಣಿ ಚೌಕದ ಅಡಿಯ ಒಂದೇ ಒಂದು ಗಂಟಲಿನ ನಾಲಿಗೆಯನ್ನು ರುಚಿ ನೋಡುವಷ್ಟಕ್ಕೆ ಎಬ್ಬಿಸಿದಳು. ರುಚಿ ಪರದೆಯ ಮೇಲೆ ಬಂತು. ಆಸಿಡ್. ಸೈನೈಡ್. ಬೆಳ್ಳಿ. ಗಿಲೀಟು ಓಣಿಯಲ್ಲಿ ಬೆಳ್ಳಿ ಗಿಲೀಟು ಮಾಡುವ ಅಂಗಡಿ ಒಂದೇ, ಅವಳ ಅವ್ವನದು.

ಇಮಾಮಸಾಬನೂ ಓದಿದ. ಅವನಿಗೆ ಬೆಳ್ಳಿಯ ಮಾತು ಬೇಕಿರಲಿಲ್ಲ. "ಎಲ್ಲಾನೂ ಎಬ್ಬಸ್ರಿ! ಬಾಯಿ ಮುಚ್ಚಲಿ, ಹಿಂದಕ್ಕ ನೂಕಲಿ!"

ಎಲ್ಲವನ್ನೂ ಎಬ್ಬಿಸುವುದಕ್ಕೆ ಒಂದೇ ಗುಂಡಿ. ಒತ್ತಿದರೆ ಚೌಕದ ಗಟಾರದ ಬಾಯಿಗಳೆಲ್ಲ ಮುಚ್ಚಿ ವಿಷಗಾಳಿ ಒಳಗೇ ಉಳಿಯುತ್ತದೆ. ಮಳೆನೀರಿನಿಂದ ತುಂಬಿ ಉಬ್ಬಿದ ಗಟಾರ, ಅದರೊಳಗಿನ ವಿಷ, ಎಲ್ಲ ಒಂದೇ ಸಲಕ್ಕೆ ಗಿಲೀಟು ಓಣಿಗೆ ನುಗ್ಗುತ್ತದೆ. ಅಲ್ಲಿ ಬಾಗಿಲು ಹಾಕಿದ ಅಂಗಡಿಯೊಳಗೆ, ತೆರೆದ ಕುಣಿಯ ಮೇಲೆ ಬಗ್ಗಿಕೊಂಡು, ವಾಸನೆ ತಿಳಿಯದ ಒಬ್ಬ ಮುದುಕಿ ಇದ್ದಾಳೆ.

ಅವಳು ತಾಯಿಗೆ ಫೋನ್ ಮಾಡಿದಳು. ರಿಂಗಾಯಿತು. ಬಣ್ಣದ ದಿನ ಕೆಂಪಗೇರಿಯಲ್ಲಿ ಯಾರೂ ಫೋನ್ ಇಟ್ಟುಕೊಂಡು ತಿರುಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹಾಕಿಡುತ್ತಾರೆ. ಮತ್ತೆ ರಿಂಗಾಯಿತು.

"ಮೇಡಮ್, ಒತ್ರಿ!"

"ಎರಡ ನಿಮಿಷ, ಇಮಾಮಣ್ಣ. ನಮ್ಮವ್ವ ಒಳಗದಾಳ."

"ನನ್ನ ಮಗ ಅಲ್ಲದಾನ!" ಎಂದು ಅವನು ತಾನೇ ಗುಂಡಿಗೆ ಕೈ ಚಾಚಿದ.

ದಾಕ್ಷಾಯಣಿ ಆ ಕೈಯನ್ನು ಹಿಡಿದಳು. ಅವನು ಜಗ್ಗಿದ. ಅವಳು ಎರಡೂ ಕೈಯಿಂದ ಹಿಡಿದು, ಕಾಲನ್ನು ಮೇಜಿಗೆ ಒತ್ತಿಕೊಟ್ಟು ಎಳೆದಳು. ಆರು ವರ್ಷ ಒಂದೇ ಡಬ್ಬಿಯ ಬುತ್ತಿ ಹಂಚಿಕೊಂಡು ತಿಂದವರು ನೆಲಕ್ಕೆ ಬಿದ್ದು ಹೊರಳಾಡಿದರು. ಅವನು ಅವಳ ಕೂದಲು ಹಿಡಿದ, ಅವಳು ಅವನ ಮುಂಗೈಯನ್ನು ಕಚ್ಚಿದಳು, ರಕ್ತ ಬರುವ ಹಾಗೆ ಕಚ್ಚಿದಳು. ಮೇಲೆ ಪರದೆಯಲ್ಲಿ ಬಿದ್ದವರ ಮೇಲೆ ಬೀಳುವವರು. ಓಡಲು ಹೋದವರು ಬಣ್ಣದ ಕೆಸರಿನಲ್ಲಿ ಜಾರಿ, ತುಳಿತಕ್ಕೆ ಸಿಕ್ಕು, ಮತ್ತೆ ಏಳಲಿಲ್ಲ. ಅದು ಅವಳಿಗೆ ಕಾಣುತ್ತಿತ್ತು. ಕಂಡರೂ ಹಲ್ಲು ಬಿಡಲಿಲ್ಲ. ಊರಿನ ನ್ಯಾಯವೆಲ್ಲ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಇರಲೇ ಇಲ್ಲ. ಅವ್ವ, ಅವ್ವ, ಅವ್ವ, ಇಷ್ಟೇ ಇತ್ತು.

ಇಮಾಮಸಾಬನ ಕೈಗೆ ಸ್ಟೀಲ್ ಬುತ್ತಿ ಡಬ್ಬಿ ಸಿಕ್ಕಿತು. ಅವಳ ಕಿವಿಯ ಮೇಲೆ ಹೊಡೆದ. ಇನ್ನೊಂದು ಸಲ ಹೊಡೆದ. ಅವಳು ಸಡಿಲಾದಳು. ಅವನು ಗೊಳೋ ಎಂದು ಅಳುತ್ತ ಎದ್ದು ಗುಂಡಿ ಒತ್ತಿದ.

ನಕಾಶೆ ಇಡಿಯಾಗಿ ಕೆಂಪಾಯಿತು. ಚೌಕದಲ್ಲಿ ಗಟಾರದ ಬಾಯಿಗಳು ಹಿಂಡಿ ಮುಚ್ಚಿಕೊಂಡವು. ಗಿಲೀಟು ಓಣಿಯ ಪರದೆಯಲ್ಲಿ ನೆಲ ಒಮ್ಮೆ ನಡುಗಿದ್ದು ಕಾಣಿಸಿತು. ಅಂಗಡಿಗಳ ಬಾಗಿಲುಗಳು ಒಳಗಿನಿಂದ ಒದ್ದ ಹಾಗೆ ಕಿತ್ತುಬಂದವು. ಹಸಿರು ನೀರು, ಅದರ ಜೊತೆ ಪೀಪಾಯಿಗಳು, ಒಬ್ಬ ಮನುಷ್ಯ, ಬೀದಿಗೆ ಬಂದು ಬಿದ್ದವು. ಮನುಷ್ಯ ಎದುರು ಗೋಡೆಗೆ ಬಡಿದು ಅಲ್ಲೇ ಕೂತ, ಮತ್ತೆ ಅಲುಗಲಿಲ್ಲ. ಆಮೇಲೆ ಫಕೀರವ್ವನ ಬಾಗಿಲಿನಿಂದ ಅವಳೇ ಅಂಬೆಗಾಲಿಕ್ಕುತ್ತ ಹೊರಗೆ ಬಂದಳು. ಮಳೆ ಅವಳ ಮೇಲೆ ಸುರಿಯಿತು, ಗಾಳಿ ಓಣಿಯ ವಿಷವನ್ನು ಬಯಲಿಗೆ ಹೊಡೆದೊಯ್ದಿತು. ಅವಳು ಬದುಕಿದ್ದಳು.

ಇಮಾಮಸಾಬ ಚೌಕದ ಕಡೆ ಓಡಿದ. ದಾಕ್ಷಾಯಣಿ ಕಿವಿಯಿಂದ ರಕ್ತ ಸೋರುತ್ತಿದ್ದಂತೆಯೇ ಸ್ಕೂಟರ್ ಹತ್ತಿ ಗಿಲೀಟು ಓಣಿಯ ಕಡೆ ಹೋದಳು.

ಅವಳಿಗಿಂತ ಮೊದಲು ಜನ ಅಲ್ಲಿ ಮುಟ್ಟಿದ್ದರು. ಚೌಕದಲ್ಲಿ ಸತ್ತವರನ್ನು ಅಂಗಡಿ ಕಟ್ಟೆಗಳ ಮೇಲೆ ಸಾಲಾಗಿ ಮಲಗಿಸಿ, ಬದುಕಿದವರು ಹಸಿರು ನೀರಿನ ಜಾಡು ಹಿಡಿದು ನೆಟ್ಟಗೆ ಇಲ್ಲಿಗೆ ಬಂದಿದ್ದರು. ಕಕ್ಕಿದ ಬಾಗಿಲು ಹುಡುಕುವುದು ಆ ಊರಿನವರಿಗೆ ರೂಢಿಯಾಗಿತ್ತು. ಬೆಳ್ಳಿ ಬಣ್ಣ, ಹಸಿರು, ಡಾಂಬರಿನ ಕಪ್ಪು: ಯಾರ ಮುಖ ಯಾರದೆಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ನಾಳೆ ಯಾರೂ ಯಾರನ್ನೂ ಗುರುತಿಸುವುದಿಲ್ಲ ಎಂಬ ಧೈರ್ಯ ಎಲ್ಲರ ಕೈಯಲ್ಲೂ ಇತ್ತು. ಓಣಿಯವರು ಓಡಿಹೋಗಿದ್ದರು. ಓಡಲಾಗದವರಿಬ್ಬರನ್ನು ಅಷ್ಟರಲ್ಲಿ ಮುಗಿಸಿದ್ದರು. ಉಳಿದವಳು ಫಕೀರವ್ವ, ಅಂಗಡಿಯ ಮೆಟ್ಟಿಲಿಗೆ ಆನಿಸಿ ಕೂಡಿಸಿದ್ದರು. ಮೊಣಕಾಲಿನ ಕೆಳಗೆ ಅವಳ ಚರ್ಮ ಸುಲಿದಿತ್ತು, ಹಣೆ ಒಡೆದಿತ್ತು.

"ಬಿಡ್ರಿ! ದಾರಿ ಬಿಡ್ರಿ!" ಎಂದು ದಾಕ್ಷಾಯಣಿ ನುಗ್ಗಿದಳು.

ಜನ ತಿರುಗಿ ನೋಡಿದರು. ಬಣ್ಣವಿಲ್ಲದ ಮುಖ ಅದೊಂದೇ. ಕೊರಳಿನಲ್ಲಿ ನಗರಸಭೆಯ ಗುರುತಿನ ಚೀಟಿ. ಯಾರೋ ಗುರುತು ಹಿಡಿದು ಕೂಗಿದರು. "ಏ, ಗಂಟಲು ಮಾಡಿದ ಮೇಡಮ್ಮಾರು! ಸರೀರಿ, ಸರೀರಿ!"

ಗುಂಪು ಎರಡಾಗಿ ಸೀಳಿ ದಾರಿ ಬಿಟ್ಟಿತು. ಒಬ್ಬ ಮುದುಕ ಅವಳಿಗೆ ಕೈಮುಗಿದ. "ನಿಮ್ಮ ಗಂಟಲು ಕೊನೀಗೂ ಎದ್ದು ನಮ್ಮನ್ನ ಉಳಿಸ್ತವ್ವಾ," ಎಂದು ಅತ್ತ. ಮೈತುಂಬ ಬೆಳ್ಳಿ ಬಣ್ಣ ಬಳಿದುಕೊಂಡ ಒಬ್ಬ ಗಂಡಸು ಮುಂದೆ ಬಂದ. ಅವನ ಹೆಗಲ ಮೇಲೆ ಹೆಣ್ಣುಮಗುವಿನ ಬಣ್ಣದ ಅಂಗಿ ಒಂದು ಇತ್ತು, ಅಂಗಿ ಮಾತ್ರ. ತನ್ನ ಕೈಯಲ್ಲಿದ್ದ ಬಡಿಗೆಯನ್ನು ಅವನು ಎರಡೂ ಕೈಯಿಂದ, ಕಾಯಿ ಕರ್ಪೂರ ಕೊಡುವ ಹಾಗೆ, ಅವಳ ಮುಂದೆ ಹಿಡಿದ.

"ಈಕೀನ ಬೆಳ್ಳಿ ನೀರು ಸುರುವಿದಾಕಿ. ಹಿಡಕೊಟ್ಟವ್ರು ನೀವು. ಮೊದಲ ಏಟು ನಿಮ್ಮದಾಗ್ಲಿ."

ಫಕೀರವ್ವ ತಲೆಯೆತ್ತಿದಳು. ಮಗಳನ್ನು ನೋಡಿದಳು. ಸಾಯುವ ಹೊತ್ತಿನಲ್ಲೂ ಆ ಹೆಂಗಸಿನ ತಲೆ ಓಡುವುದು ನಿಂತಿರಲಿಲ್ಲ. ಈ ಗುಂಪಿಗೆ ಸಂಬಂಧ ತಿಳಿದರೆ ಏನಾಗುತ್ತದೆಂದು ಅವಳು ಒಂದೇ ನೋಟಕ್ಕೆ ಅಳೆದಿದ್ದಳು.

"ನೋಡ್ತೀರೇನ್ರಿ ಮೇಡಮ್ಮಾರ," ಎಂದು ಹೆತ್ತ ಮಗಳಿಗೆ ಬಹುವಚನ ಹಚ್ಚಿ ಚೀರಿದಳು. "ಸಾಹೇಬ್ರ ಆಫೀಸಿನ್ಯಾಗ ಕುಂತು ಬಡವರ ಬಾಯಿ ಮುಚ್ಚಾಕ ಬರ್ತೈತಿ, ಬಡಿಗಿ ಹಿಡಿಯಾಕ ಬರೂದಿಲ್ಲೇನ? ಹೊಡೀರಿ! ಒಂದ ಹೊಡದು ನಿಮ್ಮ ಕೆಲಸ ನೋಡಾಕ ಹೋಗ್ರಿ! ನಿಮ್ಮ ಮಾರಿ ನೋಡಾಕ ನಂಗ ಅಸಹ್ಯ ಆಕ್ಕೈತಿ!"

ಅಷ್ಟು ಹೇಳಿ ಅವಳು ಮಗಳ ಕಾಲ ಬಳಿ ಉಗುಳಿದಳು. ಜನ ಹುಯಿಲೆಬ್ಬಿಸಿದರು. ಆದರೆ ತಾಯಿಯ ಕಣ್ಣುಗಳು ಬೇರೆಯೇ ಹೇಳುತ್ತಿದ್ದವು: ಹೊಡಿ, ಹೋಗು, ಬದುಕು. ಜ್ವರ ಬಂದಾಗ ಔಷಧಿ ಕುಡಿಸಲು ಗದರುತ್ತಿದ್ದ ಕಣ್ಣು ಅದೇ.

ದಾಕ್ಷಾಯಣಿ ಬಡಿಗೆಯನ್ನು ತೆಗೆದುಕೊಂಡಳು. ಒಂದು ಹೆಜ್ಜೆ ಮುಂದಿಟ್ಟಳು, ಇನ್ನೊಂದು ಇಟ್ಟಳು. ತಾಯಿಯ ಮುಂದೆ ಬಂದು ನಿಂತು, ಬೆನ್ನನ್ನು ಅವಳ ಕಡೆ ಮಾಡಿ, ಗುಂಪಿಗೆ ಮುಖ ತಿರುಗಿಸಿದಳು. ಹಿಂದಿನಿಂದ ಫಕೀರವ್ವ ಅವಳ ಕಾಲನ್ನು ಹಿಡಿದು ದೂಡುತ್ತ, "ಬ್ಯಾಡ, ಬ್ಯಾಡ ನನ್ನವ್ವಾ, ಬ್ಯಾಡ," ಎಂದು ಪಿಸುಗುಟ್ಟುತ್ತಿದ್ದಳು.

"ಈಕಿ ನಮ್ಮವ್ವ," ಎಂದಳು ದಾಕ್ಷಾಯಣಿ. "ಇವತ್ತ ಗಂಟಲು ಮಲಗಿರ್ತಾವ ಅಂತ ಈಕಿಗೆ ಹೇಳಿದಾಕಿ ನಾ. ಮಂದಿ ಬೀಳಾಕತ್ತಾಗ ಅವನ್ನ ಎಬ್ಬಸಾಕ ಒಬ್ಬ ಬಂದ. ಅವನ ಕೈ ಹಿಡಿದಾಕಿನೂ ನಾನ. ನಮ್ಮವ್ವ ಹೊರಗ ಬರ್ಲಿ ಅಂತ ಹಿಡಿದೆ."

ಸೀಳಿಕೊಂಡಿದ್ದ ಗುಂಪು ಹಿಂದಿನಿಂದ ಮೆಲ್ಲಗೆ ಕೂಡಿಕೊಳ್ಳುತ್ತ ಬಂತು.

ಬೆಳ್ಳಿ ಮುಖದ ಗಂಡಸು ಹೆಗಲ ಮೇಲಿನ ಅಂಗಿಯನ್ನು ಸರಿಮಾಡಿಕೊಂಡ. ಆಮೇಲೆ ಮೊದಲಿನ ಮರ್ಯಾದೆಯಲ್ಲೇ ಕೈ ಚಾಚಿದ.

"ಹಂಗಾರ ಆ ಬಡಿಗಿ ಇತ್ತಾಗ ಕೊಡ್ರಿ ಮೇಡಮ್ಮಾರ," ಎಂದ.